ಐವತ್ತು ನಿಮಿಷದ ಐಸ್

ಸೆಪ್ಟೆಂಬರ್ 25, 2024, ಬುಧವಾರ. ವಾಟರ್‌ಲೂ

ಇವತ್ತು ಒಂಟಾರಿಯೋದಲ್ಲಿ ರೋವನ್ ಕಾನೂನಿನ ದಿನ. ರೋವನ್ ಸ್ಟ್ರಿಂಗರ್ ಒಟ್ಟಾವಾದ ಹದಿನೇಳರ ಹುಡುಗಿ, ಆಡುತ್ತಿದ್ದದ್ದು ರಗ್ಬಿ. ಕೆಲವೇ ದಿನಗಳಲ್ಲಿ ತಲೆಗೆ ಮೇಲಿಂದ ಮೇಲೆ ಪೆಟ್ಟು ಬಿದ್ದಿದ್ದರೂ ಮೈದಾನಕ್ಕಿಳಿದು 2013ರಲ್ಲಿ ತೀರಿಹೋದಳು. 2018ರಲ್ಲಿ ಅವಳ ಹೆಸರಿನಲ್ಲಿ ಕಾನೂನು ಬಂತು. ಅದರ ಪ್ರಕಾರ ಕೋಚ್ ಆದವರು ಪ್ರತಿವರ್ಷ ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಗಾಯ) ಬಗೆಗಿನ ಮಾಹಿತಿ ಓದಿ ಖಾತ್ರಿ ಕೊಡಬೇಕು. ರಾತ್ರಿ ಊಟ ಮುಗಿಸಿ ಕೂತು ಓದಿದೆ. ಹೋದ ವರ್ಷವೂ ಓದಿದ್ದೇ, ಆದರೂ ಒಂದು ಸಾಲನ್ನೂ ಹಾರಿಸಲಿಲ್ಲ. ಅನುಮಾನ ಬಂದರೆ ಸಾಕು, ಮಗುವನ್ನು ಆಟದಿಂದ ಆಚೆ ಕೂರಿಸಬೇಕು. ವೈದ್ಯರು ನೋಡಿ ಒಪ್ಪಿಗೆ ಕೊಡುವ ತನಕ ಐಸ್ ಮೇಲೆ ಕಾಲಿಡುವಂತಿಲ್ಲ. ಐಸ್ ಹಾಕಿ ಕಲಿಸಲು ಏಳೆಂಟು ವರ್ಷದ ಮಕ್ಕಳನ್ನು ನಂಬಿಕೆಯಿಂದ ನನ್ನ ಕೈಗೆ ಒಪ್ಪಿಸುತ್ತಾರೆ. ಡ್ರಿಲ್, ಗೋಲು ಎಲ್ಲ ಆಮೇಲಿನ ಮಾತು.

ಅಕ್ಟೋಬರ್ 5, ಶನಿವಾರ

ನಾಳೆಯ ಪ್ರಾಕ್ಟೀಸಿಗೆ ಪ್ಲಾನ್ ಬರೆದೆ. ಐಸ್ ಸಿಗುವುದು ಐವತ್ತು ನಿಮಿಷ. ಅದಾದ ಕೂಡಲೇ ಐಸ್ ನಯ ಮಾಡುವ ಜ಼ಾಂಬೋನಿ ಬರುತ್ತದೆ, ಹಿಂದೆಯೇ ಮುಂದಿನ ತಂಡ. ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಹದಿನಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೇ ಗೋಲಿನ ಕಡೆ ಬಿಟ್ಟರೆ ಒಂದು ಮಗುವಿನ ಸರದಿ ಮುಗಿದು ಮತ್ತೆ ಬರುವಷ್ಟರಲ್ಲಿ ಉಳಿದವರ ಕಾಲು ಮರಗಟ್ಟಿರುತ್ತದೆ. ಚಳಿಯಾದ ಮಗು ಮೊದಲು ಸ್ಟಿಕ್‌ನಿಂದ ಐಸ್ ಕೆರೆಯುತ್ತದೆ, ಆಮೇಲೆ ಪಕ್ಕದವನ ಸ್ಟಿಕ್ ಕೆರೆಯುತ್ತದೆ, ಆಮೇಲೆ ಬೀಳುತ್ತದೆ. ಅದನ್ನು ತುಂಟತನ ಅಂದರೆ ಅನ್ಯಾಯ. ಸಾಲಿನಲ್ಲಿ ನಿಲ್ಲಿಸಿದ್ದು ನಾವು.

ಆದ್ದರಿಂದ ನಾಲ್ಕು ಮೂಲೆ, ಮೂಲೆಗೆ ನಾಲ್ಕು ಮಕ್ಕಳು, ಒಬ್ಬೊಬ್ಬ ದೊಡ್ಡವರು. ಏಳು ನಿಮಿಷಕ್ಕೊಂದು ಸೀಟಿ, ಸೀಟಿ ಕೇಳಿದರೆ ಮುಂದಿನ ಮೂಲೆಗೆ. ಒಂದು ಕಡೆ ನಿಲ್ಲುವುದು ಮತ್ತು ತಿರುಗುವುದು. ಇನ್ನೊಂದು ಕಡೆ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಇಟ್ಟುಕೊಂಡು ಟೈರುಗಳ ನಡುವೆ ಸುತ್ತುವುದು. ಮೂರನೆಯದು ಪಾಸ್ ಕೊಡುವುದು, ತಗೊಳ್ಳುವುದು. ನಾಲ್ಕನೆಯದು ಎರಡು ಪುಟ್ಟ ಗೋಲಿಟ್ಟು ಇಬ್ಬರ ವಿರುದ್ಧ ಇಬ್ಬರ ಆಟ. ಮೊದಲ ಐದು ನಿಮಿಷ ಮುಟ್ಟಾಟ, ಕೊನೆಯ ಹತ್ತು ನಿಮಿಷ ಎಲ್ಲರಿಗೂ ಆಟ. ಆಟವನ್ನು ಶಿಸ್ತಿಗೆ ಸಿಗುವ ಬಹುಮಾನ ಮಾಡಿ ಮಕ್ಕಳನ್ನು ಕಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಆಡುತ್ತಲೇ ಕಲಿಯುವ ವಯಸ್ಸು ಇದು.

ವಿವರಣೆ ಎಲ್ಲ ಡ್ರೆಸಿಂಗ್ ರೂಮಿನಲ್ಲೇ ಮುಗಿಯಬೇಕು. ಬಿಳಿ ಬೋರ್ಡಿನ ಮೇಲೆ ನಾಲ್ಕು ಮೂಲೆ ಬರೆದು ತೋರಿಸಿದರೆ ಐಸ್ ಮೇಲೆ ಅರ್ಧ ನಿಮಿಷದ ಮಾತು ಸಾಕು. ಪಕ್‌ಗಳೆಲ್ಲ ನೀಲಿಯವು, 4 ಔನ್ಸಿನವು. ಕಪ್ಪು ಪಕ್ 6 ಔನ್ಸು. ಅದನ್ನು ತಳ್ಳುವಾಗ ಈ ಮಕ್ಕಳು ಮೈಯೆಲ್ಲ ಬಾಗಿಸುತ್ತಾರೆ, ತಲೆ ಎತ್ತಿ ನೋಡುವುದನ್ನೇ ಕಲಿಯುವುದಿಲ್ಲ.

ಅಕ್ಟೋಬರ್ 6, ಭಾನುವಾರ

ಮೂರನೇ ಮೂಲೆ ನೋಡಿಕೊಳ್ಳಬೇಕಾದವರು ಬರಲಿಲ್ಲ. ಪಾಸಿನ ಮೂಲೆ ತೆಗೆದು, ಉಳಿದ ಮೂರನ್ನೇ ದೊಡ್ಡದು ಮಾಡಿದೆವು. ಹಸಿರು ಹೆಲ್ಮೆಟ್ಟಿನ ಹುಡುಗಿ ಬಲಕ್ಕೆ ತಿರುಗಿ ಚೆನ್ನಾಗಿ ನಿಲ್ಲುತ್ತಾಳೆ. ಎಡಕ್ಕೆ ತಿರುಗಿ ನಿಲ್ಲು ಅಂದರೆ ನೇರ ಹೋಗಿ ಗೋಡೆಗೆ ಒರಗುತ್ತಾಳೆ. ನಿಲ್ಲುವುದನ್ನು ಕಲಿಯದ ಮಗು ವೇಗ ಹೆಚ್ಚಿಸಲು ಹೆದರುತ್ತದೆ. ನೋಡುವವರಿಗೆ ಅದು ನಿಧಾನದ ಮಗು ಅನ್ನಿಸುತ್ತದೆ.

ನವೆಂಬರ್ 1, ಶುಕ್ರವಾರ

ದೀಪ ಹಚ್ಚಿ ಅಪ್ಪನಿಗೆ ಫೋನ್ ಮಾಡಿದೆ. ಕೊಡಗಿನ ಪೊನ್ನಂಪೇಟೆಯಲ್ಲಿ ಬೆಳಗಾಗಿತ್ತು. ಅಪ್ಪ ಪಿ.ಟಿ. ಮೇಷ್ಟ್ರಾಗಿದ್ದವರು, ನನ್ನ ಕೈಗೆ ಮೊದಲ ಹಾಕಿ ಸ್ಟಿಕ್ ಕೊಟ್ಟವರು.

"ಸ್ಟಿಕ್ ಹಿಡಿಯೋದು ಸರಿಯಾಗಿ ಹೇಳಿಕೊಟ್ಟಿದ್ದೀಯಾ? ಎಡಗೈ ಮೇಲೆ, ಬಲಗೈ ಕೆಳಗೆ."

"ಐಸ್ ಹಾಕಿಯಲ್ಲಿ ಹಾಗಿಲ್ಲಪ್ಪ. ಎಡ, ಬಲ ಎರಡೂ ತರದ ಸ್ಟಿಕ್ ಇರ್ತವೆ, ಬ್ಲೇಡಿನ ಎರಡೂ ಮುಖದಲ್ಲಿ ಆಡಬಹುದು. ಒಂದೇ ಕೈಯಲ್ಲಿ ಹಿಡಿಯೋದು ಜಾಸ್ತಿ, ಅದಕ್ಕೆ ಸಾಮಾನ್ಯವಾಗಿ ಹೆಚ್ಚು ಬಳಸೋ ಕೈ ಮೇಲಿರಲಿ ಅಂತೀವಿ."

ಅವರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. ಮಗುವಿಗೆ ಪೊರಕೆ ಕೊಟ್ಟು ಗುಡಿಸಲು ಹೇಳು, ಕೈ ತಾನೇ ಹೇಳುತ್ತೆ ಅಂದರು. ಇಲ್ಲಿನ ಹಳೆಯ ಕೋಚ್‌ಗಳೂ ಹೇಳುವುದು ಅದನ್ನೇ.

ಮಾತು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಹೋಯಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಆಡಿದ್ದು 60 ಕುಟುಂಬ, ಈ ವರ್ಷ ನಾಪೋಕ್ಲುವಿನಲ್ಲಿ 360. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ. "ಅಲ್ಲಿ ಚಿಕ್ಕವನೂ ಚೆಂಡು ಮುಟ್ಟದೆ ಮನೆಗೆ ಹೋಗಲ್ಲ, ನೀನೂ ಹಾಗೇ ನೋಡ್ಕೊ" ಅಂದರು ಅಪ್ಪ. ಅದನ್ನೇ ನಾಲ್ಕು ಮೂಲೆಯಲ್ಲಿ ಮಾಡಲು ಹೊರಟಿದ್ದೇನೆ ಅಂತ ಹೇಳಿದೆ. ಅವರಿಗೆ ಖುಷಿಯಾಯಿತು.

ನವೆಂಬರ್ 24, ಭಾನುವಾರ

ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬರು ತಂದೆ ಕಾದಿದ್ದರು. ಮಕ್ಕಳನ್ನು ಯಾವಾಗ ನಿಜವಾದ ಹಾಕಿ ಆಡಿಸುತ್ತೀರಿ, ಅರ್ಧ ರಿಂಕ್‌ನಲ್ಲಿ ಎಷ್ಟು ದಿನ ಅಂತ ಕೇಳಿದರು. ಕೇಳುವುದು ಅವರ ಹಕ್ಕು. ಬೆಳಗಿನ ಆರಕ್ಕೆ ಎದ್ದು ಹಿಮದಲ್ಲಿ ಕಾರು ಓಡಿಸಿಕೊಂಡು ಬರುವವರು ಅವರು. ಅವರ ಮಗನನ್ನೇ ಉದಾಹರಣೆಯಾಗಿ ಹೇಳಿದೆ. ಇಡೀ ರಿಂಕ್ ಕೊಟ್ಟರೆ ಬಲವಾಗಿ ಸ್ಕೇಟ್ ಮಾಡುವ ಇಬ್ಬರು ಮೂವರು ಪಕ್ ಹಿಡಿದು ಓಡುತ್ತಾರೆ, ಉಳಿದವರು ಅವರ ಬೆನ್ನು ನೋಡುತ್ತಾರೆ. ಅವರ ಮಗ ಆ ಇಬ್ಬರು ಮೂವರಲ್ಲಿ ಒಬ್ಬ. ಈಗ ಅವನು ನೇರ ಓಟದಿಂದಲೇ ಗೆಲ್ಲುತ್ತಾನೆ. ಚಿಕ್ಕ ಜಾಗದಲ್ಲಿ ಅವನಿಗೂ ತಿರುಗಬೇಕಾಗುತ್ತದೆ, ಪಾಸ್ ಕೊಡಬೇಕಾಗುತ್ತದೆ, ಎದುರಾಳಿ ಎರಡು ಹೆಜ್ಜೆ ದೂರದಲ್ಲೇ ಇರುತ್ತಾನೆ. ಹನ್ನೆರಡನೇ ವಯಸ್ಸಿಗೆ ಉಳಿದ ಮಕ್ಕಳಿಗೂ ಅಷ್ಟೇ ವೇಗ ಬಂದಾಗ ಅವನಿಗೆ ಬೇಕಾಗುವುದು ಅದೇ.

ಪೂರ್ತಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಮುಂದಿನ ವಾರ ಒಂದು ಮೂಲೆ ನೋಡಿಕೊಳ್ಳಲು ಬರುತ್ತೀರಾ ಅಂದಾಗ, ಕೋಚ್‌ಗಳಿಗೆ ಬೇಕಾದ ತಪಾಸಣೆ, ತರಬೇತಿ ಏನೇನು ಅಂತ ಕೇಳಿ ಬರೆದುಕೊಂಡು ಹೋದರು.

ಡಿಸೆಂಬರ್ 15, ಭಾನುವಾರ

ಮುಟ್ಟಾಟದಲ್ಲಿ ಇಬ್ಬರು ಡಿಕ್ಕಿಯಾದರು. ಒಬ್ಬ ಅತ್ತ, ಎದ್ದ, ಓಡಿದ. ಇನ್ನೊಬ್ಬ ಅಳಲೇ ಇಲ್ಲ. ಎದ್ದು ನಿಂತು ತನ್ನ ಮೂಲೆ ಯಾವುದು ಅಂತ ಎರಡು ಸಲ ಕೇಳಿದ. ಆಗಲೇ ಹೇಳಿದ್ದೆ, ಅವನು ತಲೆಯಾಡಿಸಿಯೂ ಇದ್ದ. ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿ ಅಮ್ಮನನ್ನು ಕರೆಸಿದೆ. "ನಾನು ಆಡ್ತೀನಿ, ಏನೂ ಆಗಿಲ್ಲ" ಅಂತ ಅವನು ಗೋಗರೆದ. ಇವತ್ತು ಇಲ್ಲ ಕಂದ ಅಂದೆ. ಸಂಜೆ ಅವರಮ್ಮ ಫೋನ್ ಮಾಡಿದರು, ವೈದ್ಯರು ನೋಡಿದ್ದಾರಂತೆ, ಸಣ್ಣ ಮಟ್ಟದ ಕನ್‌ಕಷನ್. ಈ ತಿಂಗಳು ಅವನಿಗೆ ಆಟವಿಲ್ಲ. ಮುಟ್ಟಾಟದಲ್ಲಿ ಇನ್ನು ಎಲ್ಲರೂ ಒಂದೇ ದಿಕ್ಕಿಗೆ ಓಡುವ ಹಾಗೆ ಬದಲಿಸಿದ್ದೇನೆ.

ಜನವರಿ 19, 2025, ಭಾನುವಾರ

ಹೊರಗೆ ಮೈನಸ್ ಹದಿನೈದರ ಆಸುಪಾಸು. ಹಸಿರು ಹೆಲ್ಮೆಟ್ಟಿನ ಹುಡುಗಿಗೆ ಇವತ್ತು ಗೋಡೆ ಹಿಡಿದು ಅಭ್ಯಾಸ ಮಾಡಿಸಿದೆ. ಎರಡೂ ಕೈ ಗೋಡೆಯ ಮೇಲೆ, ಎಡಗಾಲಿನ ಬ್ಲೇಡನ್ನು ಚಪ್ಪಟೆಯಾಗಿ ಐಸಿನ ಮೇಲೆ ಹೊರಗೆ ತಳ್ಳುವುದು. ಬ್ಲೇಡ್ ಕಚ್ಚಿದರೆ ಸರ್ರನೆ ನಿಲ್ಲುತ್ತದೆ, ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಒತ್ತಡ ಹಗುರಾದರೆ ಬ್ಲೇಡಿನ ಕೆಳಗೆ ಐಸ್ ಪುಡಿಯಾಗಿ ಬಿಳಿ ಗುಡ್ಡೆ ಸೇರುತ್ತದೆ. "ಗುಡ್ಡೆ ಮಾಡು" ಅಂದೆ. ಆ ಮೂಲೆಯ ಸರದಿ ಮುಗಿಯುವಷ್ಟರಲ್ಲಿ ಗೋಡೆಯುದ್ದಕ್ಕೂ ಒಂದು ಬಿಳಿ ಸಾಲು ಮಾಡಿದ್ದಳು. ಆಮೇಲೆ ಒಂದು ಕೈ ಬಿಟ್ಟು, ಆಮೇಲೆ ಗೋಡೆಯಿಂದ ಒಂದು ಮಾರು ದೂರ ನಿಂತು. ಮೊಣಕಾಲು ಬಾಗದೆ ಇದಾಗುವುದಿಲ್ಲ. ಅವಳ ಸಮಸ್ಯೆ ಎಡಗಾಲಿನದಲ್ಲ, ಬಲ ಮೊಣಕಾಲು ನೆಟ್ಟಗಿರುತ್ತದೆ, ಭಾರವೆಲ್ಲ ಹಿಂದಕ್ಕೆ ವಾಲುತ್ತದೆ. ಇದು ದೂರದಿಂದ ಸೀಟಿ ಊದಿದರೆ ಕಾಣುವುದಿಲ್ಲ. ಪಕ್ಕದಲ್ಲಿ ಮಂಡಿಯೂರಿ ಕೂತಾಗ ಕಂಡಿತು.

ಗೋಲ್‌ಕೀಪರ್ ಮಕ್ಕಳಿಗೆ ಬೇರೆ ಮೂಲೆ ಬೇಕು. ಎಲ್ಲರ ಹೊಡೆತಕ್ಕೂ ಅವರನ್ನೇ ಗುರಿ ಮಾಡಿ ನಿಲ್ಲಿಸುವುದು ಪಾಠವಲ್ಲ.

ಫೆಬ್ರವರಿ 22, ಶನಿವಾರ

ಗುರುವಾರ ರಾತ್ರಿ ಬೋಸ್ಟನ್‌ನಲ್ಲಿ ನಡೆದ ಐಸ್ ಹಾಕಿ ಪಂದ್ಯದಲ್ಲಿ ಕೆನಡಾ ಗೆದ್ದಿತು, ಅಮೆರಿಕದ ವಿರುದ್ಧ 3-2, ಓವರ್‌ಟೈಮ್‌ನಲ್ಲಿ ಮೆಕ್‌ಡೇವಿಡ್ ಗೋಲು. ಇವತ್ತು ಡ್ರೆಸಿಂಗ್ ರೂಮಿನಲ್ಲಿ ಎಲ್ಲರೂ ಮೆಕ್‌ಡೇವಿಡ್. ಲೇಸ್ ಬಿಗಿಯುವಾಗಲೂ ಅದೇ ಮಾತು.

"ಆ ಗೋಲಿಗೆ ಮಾರ್ನರ್ ಪಾಸ್ ಕೊಡೋ ಮುಂಚೆ ಮೆಕ್‌ಡೇವಿಡ್ ಎಲ್ಲಿದ್ದ?" ಅಂತ ಕೇಳಿದೆ.

ಒಂದು ಕ್ಷಣ ಯೋಚಿಸಿದರು. "ಯಾರೂ ಇಲ್ಲದ ಕಡೆ" ಅಂದ ಒಬ್ಬ.

ಬೋರ್ಡಿನ ಮೇಲಿದ್ದ ಪ್ಲಾನ್ ಅಳಿಸಿ ಇದನ್ನೇ ಹಾಕಿದೆ. ಮೂಲೆಯಲ್ಲಿ ಮೂವರ ವಿರುದ್ಧ ಮೂವರು. ಗೋಲು ಲೆಕ್ಕಕ್ಕೆ ಬರಬೇಕಾದರೆ ಹೊಡೆಯುವವನಿಗೆ ಜೊತೆಯವನ ಪಾಸ್ ಬಂದಿರಬೇಕು. ಮೊದಲ ಎರಡು ಸುತ್ತು ಯಾರಿಗೂ ಆಗಲಿಲ್ಲ. ಆಮೇಲೆ ಹಸಿರು ಹೆಲ್ಮೆಟ್ಟಿನವಳು ಗುಂಪಿನಿಂದ ಈಚೆ ಬಂದು, ಎಡಕ್ಕೆ ತಿರುಗಿ ನಿಂತಳು. ಪಕ್ ಬಂತು, ಹೊಡೆದಳು, ಗೋಲ್‌ಕೀಪರ್‌ನ ಪ್ಯಾಡಿಗೆ ಬಡಿದು ಹೊರಗೆ ಹೋಯಿತು. ನಾನು ಸೀಟಿ ಊದಲಿಲ್ಲ, ಆಟ ಮುಂದುವರಿಯಲಿ ಅಂತ ಬಿಟ್ಟೆ.

ಮುಂದಿನ ವಾರಕ್ಕೆ ಇದೇ ಆಟ, ಗೋಲಿನ ಹಿಂದಿನಿಂದಲೂ ಪಾಸ್ ಕೊಡಬಹುದು. ಡಿಸೆಂಬರಿನಲ್ಲಿ ಪೆಟ್ಟಾದ ಹುಡುಗ ಹಂತ ಹಂತವಾಗಿ ಪೂರ್ತಿ ಆಟಕ್ಕೆ ಮರಳಿದ್ದಾನೆ. ಅವನನ್ನು ಪಾಸ್ ಕೊಡುವ ಕಡೆ ಹಾಕಬೇಕು, ಅವನ ಕಣ್ಣು ಚುರುಕು.