ಹುಟ್ಟಿನ ಲೆಕ್ಕ, ಬದುಕಿನ ಲೆಕ್ಕ



"ನಿಮ್ಮದು ಯಾವ ಪೈಕಿ?" ಬಾಡಿಗೆ ಮನೆ ಕೇಳಲು ಹೋದಾಗ, ಹೊಸ ಆಫೀಸಿನ ಮೊದಲ ವಾರದಲ್ಲಿ ಈ ಪ್ರಶ್ನೆ ಎದುರಾಗದ ದಲಿತರು ಯಾರಿದ್ದಾರೆ? ಸಾವಿರ ಜನರ ಮುಂದೆ ಮೈಕ್ ಹಿಡಿದು ಮಾತಾಡೋ ನನಗೂ ಆ ಒಂದು ಮಾತಿಗೆ ಎದೆಯಲ್ಲಿ ಏನೋ ಕುಗ್ಗುತ್ತದೆ. ಉತ್ತರ ನೇರವಾಗೇ ಕೊಡ್ತೀನಿ. ಆದರೆ ಆ ಕುಗ್ಗೋದು ಇದೆಯಲ್ಲ, ಅದು ಎಲ್ಲಿಂದ ಬಂತು?

ನಮ್ಮವ್ವ ಕೂಲಿ ಮುಗಿಸಿ ಬಂದು ಕೂತಾಗ ಹೇಳೋಳು: "ಹೋದ ಜನ್ಮದಲ್ಲಿ ಏನ್ ಪಾಪ ಮಾಡಿದ್ವೋ ಮಗಾ, ಇಲ್ಲಿ ಹುಟ್ಟಿದೀವಿ." ಊರಿನೋರು ನಮ್ಮನ್ನ ಹೊರಗಿಟ್ಟಿದ್ದು ಒಂದು ಅನ್ಯಾಯ. ಅದಕ್ಕೆ ನಾವೇ ಕಾರಣ ಅಂತ ನಮ್ಮ ಬಾಯಲ್ಲೇ ಹೇಳಿಸಿದ್ದು ಇನ್ನೂ ದೊಡ್ಡ ಅನ್ಯಾಯ. ಮೊದಲನೆಯದಕ್ಕೆ ಕಾನೂನಿದೆ, ಹೋರಾಟವಿದೆ. ಎರಡನೆಯದಕ್ಕೆ ಯಾವ ಠಾಣೆಯಲ್ಲಿ ದೂರು ಕೊಡೋದು?

ಬಾಬಾಸಾಹೇಬರು 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದರು. ಲಕ್ಷಾಂತರ ಜನರೊಂದಿಗೆ ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ 21 ವರ್ಷ ಓದಿದರು, ಹೋಲಿಸಿ ನೋಡಿದರು. ನಂಬಿಕೆ ಇಷ್ಟು ಯೋಚಿಸಿ, ಇಷ್ಟು ಕಾದು ಬರಬಹುದು ಅಂತ ನಾನು ಕಲಿತಿದ್ದು ಆ 21 ವರ್ಷಗಳಿಂದ.

ಅವರು ತೀರಿಕೊಂಡ ಮೇಲೆ, 1957ರಲ್ಲಿ 'ಬುದ್ಧ ಮತ್ತು ಆತನ ಧಮ್ಮ' ಪ್ರಕಟವಾಯಿತು. ಹೋದ ಜನ್ಮದ ಕರ್ಮವೇ ಈ ಜನ್ಮದ ಪಾಡಿಗೆ ಕಾರಣ ಅನ್ನೋ ವಾದವನ್ನು ಬಾಬಾಸಾಹೇಬರು ಅಲ್ಲಿ ತಳ್ಳಿಹಾಕ್ತಾರೆ. ಆತ್ಮವೇ ಇಲ್ಲ ಅಂದಮೇಲೆ ಪಾಪದ ಗಂಟು ಹೊತ್ತು ತರೋರು ಯಾರು? ಅವ್ವನ ಮಾತಿಗೆ ನನಗೆ ಉತ್ತರ ಸಿಕ್ಕಿದ್ದು ಆ ಪುಟಗಳಲ್ಲಿ. ಎದೆಯೊಳಗಿನ ಕುಗ್ಗು ಪೂರ್ತಿ ಹೋಗಿಲ್ಲ. ಆದರೆ ಬಂದಾಗ ಗುರುತು ಹಿಡೀತೀನಿ: ಇದು ನಂದಲ್ಲ, ನನ್ನೊಳಗೆ ಬೇರೆಯವರು ತಂದಿಟ್ಟದ್ದು.

ಧಮ್ಮ ಇಷ್ಟಕ್ಕೇ ಬಿಡೋದಿಲ್ಲ. ಕನ್ನಡಿ ಇರೋದು ಯಾಕೆ ಅಂತ ಬುದ್ಧಗುರು ಮಗ ರಾಹುಲನನ್ನ ಕೇಳೋ ಪ್ರಸಂಗ ಪಾಲಿ ಸುತ್ತಗಳಲ್ಲಿದೆ. ದೇಹ, ಮಾತು, ಮನಸ್ಸಿನಿಂದ ಮಾಡೋ ಪ್ರತಿ ಕೆಲಸವನ್ನೂ ಮಾಡೋ ಮೊದಲು, ಮಾಡುವಾಗ, ಮಾಡಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು, ಯಾರಿಗಾದರೂ ನೋವಾಗುತ್ತಾ ಅಂತ ಕೇಳಿಕೊಳ್ಳಬೇಕು ಅನ್ನೋದು ಅಲ್ಲಿನ ಪಾಠ.

ಹಾಗಾದರೆ ಕೇಳಿಕೊಳ್ಳೋಣ. ವೇದಿಕೆ ಮೇಲೆ ಸಮಾನತೆ ಮಾತಾಡೋ ನಮ್ಮ ಮನೇಲಿ ಉಂಡ ತಟ್ಟೆ ತೊಳೆಯೋರು ಯಾರು? ಎಡಗೈ ಬಲಗೈ ನಡುವೆ ಮದುವೆ ಮಾತು ಬಂದರೆ ನಾಲಿಗೆ ಯಾಕೆ ತಡವರಿಸುತ್ತೆ? ಒಳಮೀಸಲಾತಿ ಚರ್ಚೆಯಲ್ಲಿ ನಮಗಿಂತ ಹಿಂದೆ ಉಳಿದವರ ಮಾತು ಕೇಳೋ ಕಿವಿ ಇದೆಯಾ? 22 ಪ್ರತಿಜ್ಞೆಗಳಲ್ಲಿ ಹೆಂಡ ಮುಟ್ಟಲ್ಲ ಅನ್ನೋದೂ ಇದೆ, ಅದು ನೆನಪಿದೆಯಾ?

ಹುಟ್ಟಿನ ನಾಚಿಕೆ ಹೊತ್ತವರಿಗೆ ಈ ಪ್ರಶ್ನೆ ಕೇಳಿಕೊಳ್ಳೋದು ಕಷ್ಟ. ಯಾರು ಏನೇ ಅಂದರೂ ಹಳೇ ಬೈಗುಳದ ಹಾಗೆ ಕೇಳಿಸುತ್ತೆ. ನಾನು ಕೀಳಲ್ಲ ಅಂತ ಒಳಗೇ ಗಟ್ಟಿಯಾದವರಿಗೆ ತಿದ್ದಿಕೊಳ್ಳೋಕೆ ಭಯ ಇರಲ್ಲ. ನನ್ನನ್ನ ನಾನು ಒಪ್ಪಿಕೊಳ್ಳೋದು ಅಂದರೆ ನನಗೆ ಇಷ್ಟೇ.

ಅವ್ವ ಈಗಲೂ ಮಾರಮ್ಮನ ಹಬ್ಬಕ್ಕೆ ತಂಬಿಟ್ಟಿನಾರತಿ ಹೊರ್ತಾಳೆ. ಅದಕ್ಕೆ ನಾನು ಜಗಳ ತೆಗೆಯಲ್ಲ. ಪಾಪದ ಮಾತು ಎತ್ತಿದಾಗ ಮಾತ್ರ ತಡೀತೀನಿ: "ಅವ್ವ, ನೀನು ಯಾವ ಪಾಪಾನೂ ಮಾಡಿಲ್ಲ." ನಿಮ್ಮ ಮನೆಯಲ್ಲೂ ಯಾರಾದರೂ ಈ ಮಾತು ಕೇಳೋಕೆ ಕಾದಿರಬಹುದು. ಇವತ್ತೇ ಹೇಳಿ.

ನಮೋ ಬುದ್ಧಾಯ. ಜೈ ಭೀಮ್.