ದಾರಿ ತೋರಿದವರಾರು?

“ಅಜ್ಜಾ, ತಿಮಿಂಗಿಲ ಹೆಚ್ಚೋ, ಚಿಟ್ಟೆ ಹೆಚ್ಚೋ?” ಚಿತ್ರಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊಮ್ಮಗನು ಹೀಗೆ ಕೇಳಿದಾಗ ನಕ್ಕುಬಿಟ್ಟೆ. 30 ಟನ್ ತೂಗುವ ಬೂದು ತಿಮಿಂಗಿಲವನ್ನು ತಕ್ಕಡಿಯಲ್ಲಿಟ್ಟರೆ, ಅರ್ಧ ಗ್ರಾಂ ತೂಕದ ಮೊನಾರ್ಕ್ ಚಿಟ್ಟೆಗಳು ಎದುರು ತಟ್ಟೆಗೆ 6 ಕೋಟಿ ಬೇಕಾದಾವು! ಆದರೆ ಆ ಜೀವಿಗಳ ವೃತ್ತಾಂತವನ್ನು ಓದುತ್ತ ಹೋದಂತೆ ನನ್ನ ನಗೆ ಅಡಗಿತು.

ಎರಡೂ ಚಳಿಗಾಲಕ್ಕೆ ಮೆಕ್ಸಿಕೊ ದೇಶವನ್ನು ಅರಸಿ ಬರುವ ಯಾತ್ರಿಕರು. ಬೂದು ತಿಮಿಂಗಿಲವು ಆರ್ಕ್ಟಿಕ್ ಸೀಮೆಯ ಶೀತಲ ಕಡಲಿನಿಂದ ಹೊರಟು ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚನೆಯ ಹಿನ್ನೀರಿಗೆ ಬಂದು ಮರಿ ಹಾಕುತ್ತದೆ. ಹೋಗಿಬರುವ ದಾರಿ ಸುಮಾರು 16,000 ಕಿಲೋಮೀಟರ್. ಅಲ್ಲಿ ತಾಯಿಯು ಬಹುಮಟ್ಟಿಗೆ ನಿರಾಹಾರಿ. ತನ್ನ ಮೈಯ ಕೊಬ್ಬನ್ನೇ ಕರಗಿಸಿ ಮರಿಗೆ ಹಾಲೂಡುತ್ತದೆ. ವಸಂತದಲ್ಲಿ ಮರಿಯು ತಾಯಿಯ ಮಗ್ಗುಲಲ್ಲಿಯೇ ಈಜುತ್ತ ಉತ್ತರದ ಹಾದಿಯನ್ನು ಮೊದಲ ಬಾರಿ ಕಾಣುತ್ತದೆ.

ಚಿಟ್ಟೆಗೆ ಆ ಭಾಗ್ಯವಿಲ್ಲ. ಶರತ್ಕಾಲದಲ್ಲಿ ಕೆನಡಾದಿಂದಲೂ ಅಮೆರಿಕದಿಂದಲೂ ಹೊರಡುವ ಈ ಹಗುರ ಜೀವಿಯು ಸಾವಿರಾರು ಕಿಲೋಮೀಟರ್ ಹಾರಿ, ಮಿಚೊವಕಾನ್ ಪ್ರಾಂತ್ಯದಲ್ಲಿ ಸುಮಾರು 3,000 ಮೀಟರ್ ಎತ್ತರದ ಬೆಟ್ಟಗಳ ಮರಗಳಿಗೆ ಬಂದು ಜೋತುಬೀಳುತ್ತದೆ. ಹಿಂದಿನ ಚಳಿಗಾಲವನ್ನು ಅಲ್ಲಿ ಕಳೆದದ್ದು ಅದರ ತಾಯಿಯಲ್ಲ, ಅಜ್ಜಿಯೂ ಅಲ್ಲ; ಮುತ್ತಜ್ಜಿಯೋ, ಆಕೆಯ ತಾಯಿಯೋ! ನಡುವಣ ತಲೆಮಾರುಗಳು ಕೆಲವೇ ವಾರ ಬಾಳಿ ಹಾದಿಯಲ್ಲಿ ಅಳಿದಿರುತ್ತವೆ. ಸೂರ್ಯನೇ ಅದರ ದಿಕ್ಸೂಚಿ, ಹೊತ್ತನ್ನರಿಯುವ ಗಡಿಯಾರ ಅದರ ಮೀಸೆಯಲ್ಲಿಯೇ ಇದೆ ಎನ್ನುತ್ತಾರೆ ವಿಜ್ಞಾನಿಗಳು. ದಿಕ್ಕು ತಿಳಿದ ಮಾತ್ರಕ್ಕೆ ಬೆಟ್ಟ ತಿಳಿಯುವುದೆಂತು? ನವೆಂಬರ್ ಮೊದಲಲ್ಲಿ ಬಂದಿಳಿಯುವ ಈ ಚಿಟ್ಟೆಗಳನ್ನು ಅಲ್ಲಿಯ ಜನರು ಗತಿಸಿದ ಹಿರಿಯರ ಆತ್ಮಗಳೆಂದು ಭಾವಿಸುತ್ತಾರೆ. ಅದನ್ನು ಅಲ್ಲಗಳೆಯಲು ನನಗಂತೂ ಮನಸ್ಸು ಬಾರದು.

ತಿಮಿಂಗಿಲವನ್ನು ಬೇಟೆಗಾರರು ಬಹುತೇಕ ಮುಗಿಸಿಯೇ ಬಿಟ್ಟಿದ್ದರು. ಅವರು ಈಟಿಯನ್ನು ಕೆಳಗಿಟ್ಟ ಮೇಲೆ ಚೇತರಿಸಿಕೊಂಡು, 1994ರಲ್ಲಿ ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಹೊರಬಂದಿತು. 2019ರಿಂದ 2023ರವರೆಗೆ ಮತ್ತೆ ನೂರಾರು ತಿಮಿಂಗಿಲಗಳು ಸತ್ತು ದಡಕ್ಕೆ ಬಂದವು; ಎಷ್ಟೋ ದೇಹಗಳು ಹಸಿವಿನಿಂದ ಸೊರಗಿದ್ದವು. ಆದರೂ ಈಟಿ ಹಿಡಿದ ಕೈ ಕಣ್ಣಿಗೆ ಕಾಣುವಂಥದು, ತಡೆಯಬಹುದಾದುದು. ಚಿಟ್ಟೆಯ ಸಂಕಟ ಬೇರೆ. ಅದರ ಮರಿಹುಳು ತಿನ್ನುವುದು ನಮ್ಮ ಎಕ್ಕದ ಬಳಗಕ್ಕೆ ಸೇರಿದ ಹಾಲುಗಿಡವನ್ನು ಮಾತ್ರ. ಅಮೆರಿಕದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕವು ಆ ಗಿಡವನ್ನೇ ಅಳಿಸುತ್ತ ಬಂದಿದೆ. ಸಿಂಪಡಿಸಿದ ರೈತನು ಚಿಟ್ಟೆಯನ್ನು ಕೊಲ್ಲಬೇಕೆಂದು ಬಗೆದವನಲ್ಲ.

ನಮ್ಮ ಹಿತ್ತಲಿನ ಎಕ್ಕದ ಗಿಡವನ್ನು ಕೀಳಿಸಬೇಕೆಂದು ನಾನೂ ಆಳಿಗೆ ಹೇಳಿಟ್ಟಿದ್ದೆ. ಮರುದಿನ ಮೊಮ್ಮಗನೊಡನೆ ಹೋಗಿ ಎಲೆಯನ್ನು ಮಗುಚಿ ನೋಡಿದರೆ, ಮೊನಾರ್ಕಿನ ದಾಯಾದಿ ಚಿಟ್ಟೆಯೊಂದರ ಪಟ್ಟೆಹುಳುಗಳು ಎರಡು ಮೇಯುತ್ತಿದ್ದವು. ಆಳು ಬಂದಾಗ ಬೇರೆ ಕೆಲಸ ಹೇಳಿದೆ.