ಮಕ್ಕಳಿರೋ ಮನೆಗೆ ಯಾವ ಕೋಳಿ?

ಹಳೇಬೀಡಿನ ಕೆರೆ ಕಡೆ ಮನೆ ಕಟ್ಟಿಕೊಂಡಿರೋ ತಂಗಿ ನಿನ್ನೆ ಫೋನ್ ಮಾಡಿದ್ದಳು. ‘ಅಣ್ಣ, ಹುಡುಗ್ರು ಕೋಳಿ ಸಾಕ್ಬೇಕು ಅಂತ ಹಟ ಹಿಡಿದವೆ, ಯಾವ್ದು ತರ್ಲಿ?’

ಚಿಕ್ಕಂದಿನಲ್ಲಿ ಹುಂಜ ಅಟ್ಟಿಸಿಕೊಂಡು ಬಂದು ಕುಕ್ಕಿದ ಗುರುತು ನನ್ನ ಮೀನಖಂಡದ ಮೇಲೆ ಇನ್ನೂ ಇದೆ. ಅಸೀಲ್ ಸುದ್ದಿಗೆ ಮಾತ್ರ ಹೋಗಬೇಡ ಕಣಮ್ಮ, ಅದು ಕಾಳಗಕ್ಕೇ ಹೆಸರಾದ ಜಾತಿ ಅಂದೆ.

ಗಿರಿರಾಜ ಸಾಧು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹಿತ್ತಲಿಗೆಂದೇ ಹೊರತಂದ ತಳಿ. ನಾಟಿಯ ಹಾಗೇ ಬಣ್ಣಬಣ್ಣದ ಪುಕ್ಕ, ವರ್ಷಕ್ಕೆ ಸುಮಾರು 130-150 ಮೊಟ್ಟೆ. ಚಿಕ್ಕದರಿಂದ ಕೈಯಲ್ಲಿ ಕಾಳು ತಿನ್ನಿಸಿದರೆ ಕಂಕುಳಲ್ಲಿ ಇಟ್ಟುಕೊಂಡರೂ ಸುಮ್ಮನಿರುತ್ತೆ. ಆದರೆ ಮೈಭಾರ. ಮುಂಗುಸಿ ಬಂದರೆ ನಾಟಿಯಂತೆ ಪುರ್ರನೆ ಗೋಡೆ ಹತ್ತಲ್ಲ. ಆಮೇಲೆ ಬಂದ ಸ್ವರ್ಣಧಾರ ಸ್ವಲ್ಪ ಹಗುರ, ಮೊಟ್ಟೆಯೂ ಜಾಸ್ತಿ.

ಜೊತೆಗೊಂದು ನಾಟಿ ಹೇಟೆ ಇರಲಿ. ಈ ಸುಧಾರಿತ ತಳಿಗಳು ಕಾವಿಗೆ ಕೂರೋದು ಅಪರೂಪ. ಮಂಕರಿಯಲ್ಲಿ ಹುಲ್ಲು ಹಾಸಿ, ಹುಂಜ ಇರೋ ಮನೆಯಿಂದ ಮೊಟ್ಟೆ ತಂದಿಟ್ಟರೆ 21 ದಿನ. ಚಿಪ್ಪಿನೊಳಗಿಂದ ಟಕಟಕ ಕುಕ್ಕೋ ಸದ್ದನ್ನ ಮಕ್ಕಳು ಕಿವಿಗೊಟ್ಟು ಕೇಳಬೇಕು. ಕೊಕ್ಕರೆ ರೋಗದ ಲಸಿಕೆ ಮಾತ್ರ ತಪ್ಪಿಸಬೇಡ.

ಎಲ್ಲಾ ಕೇಳಿಸಿಕೊಂಡು ಹೇಳಿದಳು: ಮರಿ ಬರೋ ಮೊದಲೇ ಹೆಸರಿಟ್ಟಾಗಿದೆಯಂತೆ, ಒಂದು ಶಾಂತಲೆ, ಇನ್ನೊಂದು ವಿಷ್ಣು. ಭಾವನ ಮುಖ ನೆನೆಸಿಕೊಂಡು ನಗು ಬಂತು. ಭಾನುವಾರದ ಸಾರಿಗೆ ಇನ್ನು ಅಂಗಡಿ ಕೋಳಿಯೇ ಗತಿ.